ಗುಬ್ಬಿಯ ಬಣ್ಣ, ವಿಮಾನದ ಬಣ್ಣ

ಕುಣಿಗಲ್‌ನಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗುಬ್ಬಿಗೆ ಇನ್ನೊಂದು. ದಾರಿಯುದ್ದಕ್ಕೂ ಮೊಮ್ಮಗಳು ಪುಟ್ಟಿಯ ತೊಡೆಯ ಮೇಲೆ ರಟ್ಟಿನ ವಿಮಾನವೊಂದು ಕೂತಿತ್ತು. ಎರಡನೇ ಮಹಾಯುದ್ಧದ ಹರಿಕೇನ್ ಅದು. ಶಾಲೆಯ ವಸ್ತುಪ್ರದರ್ಶನಕ್ಕೆ ಅವಳೇ ಕತ್ತರಿಸಿ ಅಂಟಿಸಿದ್ದು, ಬಣ್ಣವಷ್ಟೇ ಬಾಕಿ.

"ಬೆಳ್ಳಿ ಬಣ್ಣ ಹೊಡೀತೀನಿ ತಾತ. ರೆಕ್ಕೆ ಮೇಲೆ ಒಂದು ಕೆಂಪು ಬೊಟ್ಟು."

"ಮೊದಲು ಗುಬ್ಬಿ ನೋಡು, ಆಮೇಲೆ ಹೇಳು," ಎಂದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ ಜಾಗ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ನಮ್ಮಂಥವರು ಹೊರಗಿನಿಂದಲೇ ನೋಡಬೇಕು. ನೋಡಿದೆವು. ಆಮೇಲೆ ಊರ ಹೊರಗೆ ಒಂದು ಹೊಂಗೆ ಮರದಡಿ ಕೂತು ಬುತ್ತಿ ಬಿಚ್ಚಿದೆವು.

ಪಕ್ಕದಲ್ಲೇ ಉತ್ತ ಹೊಲ. ಚಿಲಿಪಿಲಿ ಕೇಳಿಸುತ್ತಿತ್ತು, ಹಕ್ಕಿ ಒಂದೂ ಕಾಣಿಸುತ್ತಿರಲಿಲ್ಲ. ಪುಟ್ಟಿ ಎದ್ದು ಚಪ್ಪಾಳೆ ತಟ್ಟಿದ್ದೇ ತಡ, ಮಣ್ಣಿನ ಹೆಂಟೆಗಳಿಗೇ ರೆಕ್ಕೆ ಬಂದಂತೆ ಹತ್ತು ಹನ್ನೆರಡು ಗುಬ್ಬಚ್ಚಿಗಳು ಭರ್ರನೆ ಹಾರಿದವು. ಬೆನ್ನು ಕಂದು, ಅದರ ಮೇಲೆ ಕಪ್ಪು ಗೀರು. ಹೊಟ್ಟೆ ಮಾಸಲು ಬಿಳಿ.

ಹರಿಕೇನಿಗೆ ಬಳಿದದ್ದೂ ಹೀಗೆಯೇ. ಬೆನ್ನಿಗೆ ಕಡುಹಸಿರು, ಮಣ್ಣುಗಂದು, ಅಂಕುಡೊಂಕು ತೇಪೆಗಳಾಗಿ. ಮೇಲಿನಿಂದ ನೋಡಿದ ಶತ್ರುವಿಗೆ ರೆಕ್ಕೆಯ ನೇರ ಅಂಚು ಕಾಣದೆ, ಕಾಡು ಹೊಲಗಳೊಳಗೆ ವಿಮಾನ ಕರಗಿಹೋಗಬೇಕು. ಹೊಟ್ಟೆಗೆ ತಿಳಿ ಬೂದು. ಕೆಳಗಿನಿಂದ ನೋಡಿದವನಿಗೆ ಆಕಾಶದಂತೆ ಕಾಣಲಿ ಎಂದು. ಬಣ್ಣ ಹಚ್ಚುವುದೆಂದರೆ ಈ ಊರಿನವರಿಗೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಅಲ್ಲಿ ಹಿಂದಿನ ಸಾಲಿನವನಿಗೂ ಮುಖ ಕಾಣಲಿ ಎಂದು ಬಣ್ಣ, ಇಲ್ಲಿ ಯಾರಿಗೂ ಕಾಣದಿರಲಿ ಎಂದು!

"ಹಾಗಾದರೆ ಬೊಟ್ಟು ಯಾಕೆ? ಕಂಡುಬಿಡುತ್ತಲ್ಲ?" ಒಳ್ಳೆಯ ಪ್ರಶ್ನೆ. ನಮ್ಮವರಿಗೂ ಗುರುತು ಸಿಗದಿದ್ದರೆ ನಮ್ಮವರೇ ಗುಂಡು ಹಾರಿಸುತ್ತಾರೆ. ಬ್ರಿಟಿಷರ ವಿಮಾನಗಳ ಮೇಲೆ ನೀಲಿ, ಬಿಳಿ ಬಳೆಗಳ ನಡುವೆ ಕೆಂಪು ಬೊಟ್ಟಿತ್ತು. ಭಾರತೀಯ ವಾಯುಪಡೆಗೂ ಅದೇ ಗುರುತು. ಜಪಾನಿನ ವಿಮಾನಗಳ ಮೇಲೂ ಕೆಂಪು ಸೂರ್ಯ! ಯುದ್ಧ ಬರ್ಮಾಕ್ಕೆ ಬಂದಾಗ ತೊಡಕಾಯಿತು. ಗಂಟೆಗೆ ನೂರಾರು ಮೈಲಿ ವೇಗದಲ್ಲಿ ಸಾಗುವ ವಿಮಾನದಲ್ಲಿ ಬಳೆ ಎಣಿಸುತ್ತ ಕೂರಲು ಯಾರಿಗೆ ಪುರಸೊತ್ತು? ಕೆಂಪು ಕಂಡರೆ ಬಂದೂಕಿನ ಗುಂಡಿಗೆ ಕೈ ಹೋಗುತ್ತದೆ. 1942ರ ಮೇ ತಿಂಗಳಲ್ಲಿ ಅಮೆರಿಕದವರು ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆ ತೆಗೆದರು. ಈ ಕಡೆಯ ಬ್ರಿಟಿಷ್, ಭಾರತೀಯ ವಿಮಾನಗಳಲ್ಲೂ ಕೆಂಪು ಅಳಿಸಿ, ಕಡುನೀಲಿ ಬಳೆಯೊಳಗೆ ತಿಳಿನೀಲಿ ಬೊಟ್ಟು ಬರೆದರು. 1944ರಲ್ಲಿ ಅರ್ಜನ್ ಸಿಂಗ್ ನಾಯಕತ್ವದ 1ನೇ ಸ್ಕ್ವಾಡ್ರನ್ ಇಂಫಾಲದಲ್ಲಿ ಹಾರಿಸಿದ್ದು ಇಂಥ ಹರಿಕೇನ್‌ಗಳನ್ನೇ. 1945ರಲ್ಲಂತೂ ರೆಕ್ಕೆಗೂ ಬಾಲಕ್ಕೂ ಅಗಲವಾದ ಬಿಳಿ ಪಟ್ಟಿ ಬಂತು. ಶತ್ರುವಿನ ಕಣ್ಣಿಗೆ ಬಿದ್ದರೂ ಸರಿ, ನಮ್ಮವರ ಗುಂಡಿಗೆ ಬೀಳಬಾರದು.

ಈ ಬಣ್ಣದ ಕಥೆ ನಮಗೆ ದೂರದ್ದೇನಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಂಪನಿಯೇ ಇಂದಿನ ಎಚ್‌ಎಎಲ್. 1942ರಲ್ಲಿ ಅಲ್ಲಿ ಹಾಕ್ ಎಂಬ ಯುದ್ಧವಿಮಾನವನ್ನು ಜೋಡಿಸಿ ಹಾರಿಸಿದ್ದರು. ಈಗ ನಮ್ಮ ವಾಯುಪಡೆಯ ಗುರುತು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ಪುಟ್ಟಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಾತ, ಕೆಂಪು ಬೊಟ್ಟು ನೋಡಿ ನಮ್ಮವರೇ ಹೊಡೆದಿದ್ದರೆ, ಒಳಗಿದ್ದವರ ಮನೆಗೆ ಏನಂತ ಕಾಗದ ಬರೆಯೋರು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಬುತ್ತಿಯ ಡಬ್ಬಿ ಮುಚ್ಚಿ ಬಸ್‌ ನಿಲ್ದಾಣದ ಕಡೆ ನಡೆದೆವು.

ರಾತ್ರಿ ಕುಣಿಗಲ್‌ನಲ್ಲಿ ಬಣ್ಣದ ಡಬ್ಬಿಗಳು ಹೊರಬಂದವು. ಕಂದು, ಹಸಿರು, ಬೂದು, ಎರಡು ಬಗೆಯ ನೀಲಿ. ಬೆಳ್ಳಿಯನ್ನೂ ಕೆಂಪನ್ನೂ ಅವಳೇ ಕಪಾಟಿನಲ್ಲಿ ವಾಪಸು ಇಟ್ಟಳು.