ಸಕಲೇಶಪುರದ ಬಂಡೆಯಲ್ಲಿ ಕಡಲ ಮೊಗ್ಗು?

ಹಾಸನದಿಂದ ಆಲೂರು ದಾಟಿ ಸಕಲೇಶಪುರದ ಕಡೆ ಹೊರಟರೆ, ರಸ್ತೆಗಾಗಿ ಕಡಿದ ಗುಡ್ಡಗಳಲ್ಲಿ ಕಪ್ಪು-ಬಿಳಿ ಪಟ್ಟೆಯ ಬಂಡೆ ಕಾಣುತ್ತದೆ. ಅದರ ಚೂರನ್ನು ಶಾಲೆಗೆ ತಂದು 'ಇದು ಪಳೆಯುಳಿಕೆಯೇ ಸಾರ್?' ಎಂದು ಕೇಳುವ ಮಕ್ಕಳಿದ್ದಾರೆ. ಹುಡುಕುವ ಕಣ್ಣಿಗೆ ಶಹಭಾಸ್ ಎನ್ನಲೇಬೇಕು.

ಅವರು ಪುಸ್ತಕದಲ್ಲಿ ನೋಡಿರುವುದು ಬ್ಲಾಸ್ಟಾಯ್ಡ್‌ನ ಚಿತ್ರ. ಹೂವಿನ ಮೊಗ್ಗಿನಂತಿದ್ದರೂ ಅದು ಪ್ರಾಣಿ, ನಕ್ಷತ್ರಮೀನಿನ ಬಳಗದ್ದು. ಕಡಲ ತಳಕ್ಕೆ ತೊಟ್ಟಿನಿಂದ ಅಂಟಿಕೊಂಡು, ನೀರಿನಲ್ಲಿ ತೇಲಿಬಂದ ಆಹಾರದ ಕಣಗಳನ್ನು ಸೋಸಿ ತಿನ್ನುತ್ತಿತ್ತು. ತೊಟ್ಟೆಂದರೆ ನಾಣ್ಯ ಪೇರಿಸಿದಂತೆ ಸುಣ್ಣದ ಬಿಲ್ಲೆಗಳ ಸಾಲು. ಸತ್ತ ಮೇಲೆ ಬಿಲ್ಲೆಗಳು ಚೆದುರಿ, ಕೆಸರಿನಲ್ಲಿ ಹೂತು ಕಲ್ಲಾದವು. ಸುಮಾರು 25 ಕೋಟಿ ವರ್ಷಗಳ ಹಿಂದೆ ಈ ಕುಲವೇ ಅಳಿಯಿತು. ನೆಂಟನಾದ ಕಡಲ ಲಿಲಿ ಮಾತ್ರ ಆಳಸಾಗರದಲ್ಲಿ ಇನ್ನೂ ಬದುಕಿದೆ.

ನಮ್ಮ ಬಂಡೆಯಲ್ಲಿ ಅದು ಸಿಗದು. ಹಾಸನ-ಗೊರೂರು ಭಾಗದ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ತೊಟ್ಟುಳ್ಳ ಈ ಜೀವಿಗಳು ಕಾಣಿಸಿಕೊಂಡದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ಮೇಲಾಗಿ ನೈಸ್ ಭೂಮಿಯ ಆಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ ರೂಪುಗೊಂಡದ್ದು. ಪಟ್ಟೆಗಳೆಲ್ಲ ಖನಿಜಗಳವು. ಇಲ್ಲಿನ ನಕ್ಷತ್ರವೆಂದರೆ 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ. ಅದಕ್ಕೂ ಎಂಟು ಮೂಲೆ. ನಕ್ಷತ್ರಮೀನಿನ ಬಳಗದ ಲೆಕ್ಕ ಐದು!

ಕಡಲ ಲಿಲಿಯ ತುಣುಕು ಬೇಕೆಂದರೆ ಹಿಮಾಲಯದ ಸ್ಪಿತಿ ಕಣಿವೆಗೆ ಹೋಗಬೇಕು. ಹತ್ತಿರದಲ್ಲಿ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರವಿದೆ. ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ, 250 ಕೋಟಿ ವರ್ಷಕ್ಕೂ ಹಳೆಯ ಸ್ಟ್ರೊಮ್ಯಾಟೊಲೈಟ್ ಅಲ್ಲಿನ ಸುಣ್ಣಕಲ್ಲಿನಲ್ಲಿದೆ. ನೋಡಿ ಬನ್ನಿ, ಒಡೆದು ತರಬೇಡಿ. ಮನೆಯಲ್ಲೇ ಪರೀಕ್ಷಿಸುವವರು ಸುಣ್ಣಕಲ್ಲಿನ ಪುಡಿಗೆ ನಿಂಬೆರಸ ಹಿಂಡಲಿ, ಗುಳ್ಳೆ ಏಳುತ್ತದೆ. ನಮ್ಮ ಪಟ್ಟೆಕಲ್ಲಿನ ಪುಡಿ ಸುಮ್ಮನಿರುತ್ತದೆ.