ಕೊಳ್ಳುವ ಸೇರು, ಕೊಡುವ ಸೇರು

ಸ್ಟೆತಾಸ್ಕೋಪ್ ಹಿಡಿಯುವವನಿಗೆ ಸಾಫ್ಟ್‌ವೇರ್ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯೂಜೆರ್ಸಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಯಾವನಾದರೂ ಕನ್ನಡಿಗ ಇಂಜಿನಿಯರನ ಮನೆಯಂಗಳದಲ್ಲೇ ಬೀಳುತ್ತದೆ. ಅಂಥವರ ಪಕ್ಕದಲ್ಲಿ ಕುಳಿತು ಇಷ್ಟು ವರ್ಷ ಹಬ್ಬದೂಟ ಮಾಡಿದವನಿಗೆ ಅವರ ಮಾತು ಸ್ವಲ್ಪವಾದರೂ ತಲೆಗೆ ಹತ್ತದೆ ಇರುತ್ತದೆಯೇ? ಅಲ್ಲದೆ, ಈ ವಿಷಯ ನಮ್ಮ ಮಕ್ಕಳ ಹೆಸರಿಗೂ ಅವರು ಕುಡಿಯುವ ಔಷಧಿಗೂ ಸಂಬಂಧಿಸಿದ್ದು.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ಕನ್ನಡ ಕೂಟದವರು ಮಕ್ಕಳ ಸ್ಪರ್ಧೆಗೆ ವೆಬ್‌ಸೈಟಿನಲ್ಲೇ ಹೆಸರು ನೋಂದಾಯಿಸುವ ಏರ್ಪಾಡು ಮಾಡಿದ್ದರು. ಹೆಸರನ್ನು ಕನ್ನಡದಲ್ಲೇ ಬರೆಯಬಹುದೆಂದು ಎಲ್ಲರಿಗೂ ಹಿಗ್ಗು. ತಾತನ ಹೆಸರು ಹೊತ್ತ ಹುಡುಗನೊಬ್ಬ, ಲಕ್ಷ್ಮೀನಾರಾಯಣ, ಕಂಠಪಾಠದಲ್ಲಿ ಬಹುಮಾನ ಗಳಿಸಿದ. ಮೈಸೂರಿನಿಂದ ಬಂದಿದ್ದ ತಾತ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪ್ರಶಸ್ತಿಪತ್ರದಲ್ಲಿ ಮಾತ್ರ 'ಲಕ್ಷ್ಮೀನಾರ' ಎಂದಿತ್ತು. ಸಭೆ ನಕ್ಕಿತು. ಹುಡುಗನ ಮುಖ ಚಿಕ್ಕದಾಯಿತು.

ಪ್ರೋಗ್ರಾಮಿಂಗ್ ಬಲ್ಲ ನಮ್ಮ ಅಕ್ಕನ ಮಗನನ್ನು ಕೇಳಿದೆ. "ಮಾಮ, ಇದು ಟೈಪ್ ಮಾಡಿದವರ ತಪ್ಪಲ್ಲ. ಹೆಸರಿನ ಉದ್ದ ಅಳೆಯುವ ಕೋಡ್ ಎರಡು ಕಡೆ ಇದೆ, ಬೇರೆ ಬೇರೆಯವರು ಬರೆದಿದ್ದಾರೆ" ಎಂದ.

ವಿಷಯ ಇಷ್ಟೇ. ಫಾರ್ಮ್ ತೆರೆದುಕೊಳ್ಳುವುದು ನಮ್ಮ ಮನೆಯ ಕಂಪ್ಯೂಟರಿನ ಬ್ರೌಸರ್‌ನಲ್ಲಿ; ಅದು ಕ್ಲೈಂಟ್. ಹೆಸರು ಹೋಗಿ ಸೇರುವುದು ಎಲ್ಲೋ ದೂರದ ಸರ್ವರ್‌ಗೆ. ಎರಡೂ ಕಡೆ 'ಗರಿಷ್ಠ 30' ಎಂಬ ನಿಯಮವಿತ್ತು. ಆದರೆ 30 ಏನು? ನಮ್ಮ ಕಣ್ಣಿಗೆ ಲಕ್ಷ್ಮೀನಾರಾಯಣ ಆರು ಅಕ್ಷರ. ಬ್ರೌಸರ್‌ನಲ್ಲಿದ್ದ ಜಾವಾಸ್ಕ್ರಿಪ್ಟ್ ಯೂನಿಕೋಡ್ ಪ್ರಕಾರ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ 13 ಎಂದಿತು. ಸರ್ವರ್‌ನಲ್ಲಿದ್ದ ಪಿಎಚ್‌ಪಿ ಎಣಿಸಿದ್ದು ಬೈಟ್‌ಗಳನ್ನು. ಅದಕ್ಕೆ ಸಿಕ್ಕಿದ್ದು 39. ಮೂವತ್ತಕ್ಕೆ ಕತ್ತರಿ ಬಿತ್ತು, 'ಯಣ' ಹೋಯಿತು, ಜೊತೆಗೆ 'ರಾ'ದ ದೀರ್ಘವೂ ಹೋಯಿತು. ನಮ್ಮೂರ ಕಡೆ ಹಿರಿಯರು ದೂರುತ್ತಿದ್ದರಲ್ಲ, ಸಾಹುಕಾರನ ಹತ್ತಿರ ಕೊಳ್ಳುವುದಕ್ಕೊಂದು ಸೇರು, ಕೊಡುವುದಕ್ಕೊಂದು ಸೇರು ಎಂದು, ಹಾಗೆಯೇ.

ಈ ಬೈಟ್ ಲೆಕ್ಕಕ್ಕೂ ನಮ್ಮ ನ್ಯೂಜೆರ್ಸಿಗೂ ನಂಟಿದೆ. 1992ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಇಲ್ಲಿಯ ಒಂದು ಡೈನರ್‌ನಲ್ಲಿ, ರಾಬ್ ಪೈಕ್ ಎದುರಿಗೆ, ತಟ್ಟೆಯಡಿ ಹಾಸುವ ಕಾಗದದ ಮೇಲೆ ಗೀಚಿದ ವ್ಯವಸ್ಥೆಯೇ ಯುಟಿಎಫ್-8. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ ಮೂರು. ಹಾಗಾಗಿ 'ಜಾನ್ ಸ್ಮಿತ್' ಎಂದು ಇಂಗ್ಲಿಷಿನಲ್ಲಿ ಬರೆದು ಪರೀಕ್ಷಿಸಿದರೆ ಈ ದೋಷ ಎಂದೂ ಕಾಣದು.

ಮದ್ದೇನು? ಎರಡೂ ಕಡೆ ಒಂದೇ ಸೇರು ಇಡುವುದು. ಪ್ರೋಗ್ರಾಮರುಗಳ ಭಾಷೆಯಲ್ಲಿ 'ಕ್ಲಾಸ್' ಎಂದರೆ ಭಾನುವಾರದ ಕನ್ನಡ ಕ್ಲಾಸ್ ಅಲ್ಲ. ಒಂದು ವಸ್ತುವಿನ ವಿವರವನ್ನೂ ಅದರ ನಿಯಮಗಳನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟು. 'ಸದಸ್ಯ' ಎಂಬ ಕ್ಲಾಸನ್ನು ಒಮ್ಮೆ ಬರೆದು ಕ್ಲೈಂಟ್, ಸರ್ವರ್ ಎರಡಕ್ಕೂ ಅದನ್ನೇ ಕೊಡಬಹುದು. 1995ರಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟನ್ನು ರೂಪಿಸಿದ್ದು ಬ್ರೌಸರ್‌ಗಾಗಿ. ಮುಂದೆ ಬಹುಕಾಲ ಬ್ರೌಸರ್‌ಗೆ ಒಂದು ಭಾಷೆ, ಸರ್ವರ್‌ಗೆ ಇನ್ನೊಂದು ಎಂಬುದೇ ರೂಢಿಯಾಗಿತ್ತು. 2006ರಲ್ಲಿ ಗೂಗಲ್ ವೆಬ್ ಟೂಲ್‌ಕಿಟ್ ಬಂದು, ಜಾವಾದಲ್ಲಿ ಬರೆದ ಕ್ಲಾಸನ್ನು ಬ್ರೌಸರ್‌ಗಾಗಿ ಜಾವಾಸ್ಕ್ರಿಪ್ಟಿಗೆ ಪರಿವರ್ತಿಸಿಕೊಟ್ಟಿತು. 2009ರಲ್ಲಿ ರಯಾನ್ ಡಾಲ್ ಅವರ ನೋಡ್ ಜಾವಾಸ್ಕ್ರಿಪ್ಟನ್ನೇ ಸರ್ವರ್ ಮೇಲೆ ಓಡಿಸಿತು. ಈಗ ಇದು ಹೊಸ ವಿದ್ಯೆಯೇನಲ್ಲ, ಆದರೂ ಮಾಡದವರು ಇದ್ದಾರೆ.

ವೈದ್ಯನಾಗಿ ನನಗೆ ಭಯ ಹುಟ್ಟಿಸುವುದು ತೂಕ. ಜ್ವರ ಬಂದ ಮಗುವಿಗೆ ಅಸೆಟಮಿನೊಫೆನ್ ಕೊಡುವುದು ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಎಂದಿಟ್ಟುಕೊಳ್ಳಿ. 22 ಪೌಂಡಿನ ಮಗು ಎಂದರೆ 10 ಕಿಲೋ. ಒಂದು ಸಲಕ್ಕೆ 150 ಮಿಲಿಗ್ರಾಂ. ತಾಯಿ ಪೌಂಡಿನಲ್ಲಿ ತುಂಬಿದ 22ನ್ನು ಸರ್ವರ್ ಕಿಲೋ ಎಂದುಕೊಂಡರೆ ಅದು 330 ಆಗುತ್ತದೆ. 'ತೂಕ' ಎಂಬ ಒಂದೇ ಕ್ಲಾಸ್ ಅಂಕಿಯ ಜೊತೆಗೆ ಮಾನವನ್ನೂ ಹೊತ್ತು ಎರಡೂ ಕಡೆ ಓಡಾಡಿದರೆ ಈ ಗೊಂದಲಕ್ಕೆ ಜಾಗವಿಲ್ಲ.

ಆದರೆ ನಿಯಮ ಒಂದೇ ಎಂದ ಮಾತ್ರಕ್ಕೆ ಪರೀಕ್ಷೆ ಒಂದೇ ಸಲ ಸಾಕು ಎಂದಲ್ಲ. ಬ್ರೌಸರ್ ಇರುವುದು ಬಳಸುವವರ ಕೈಯಲ್ಲಿ; ಬೇಕೆಂದವರು ಅಲ್ಲಿಯ ತಪಾಸಣೆಯನ್ನು ತೆಗೆದುಹಾಕಬಲ್ಲರು. ನ್ಯೂಯಾರ್ಕ್ ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಔಷಧಿ ಚೀಟಿ ಕಂಪ್ಯೂಟರ್ ಮೂಲಕವೇ ಹೋಗಬೇಕೆಂಬ ಕಾನೂನಿದೆ. ಡಾಕ್ಟರರ ಕೈಬರಹದಿಂದ ಲೋಕಕ್ಕೆ ಬಿಡುಗಡೆ ಸಿಕ್ಕಿತು, ನಿಜ. ಹಾಗೆಂದು ಫಾರ್ಮಸಿಸ್ಟ್ ಕಣ್ಣು ಮುಚ್ಚಿ ಕೊಡುವುದಿಲ್ಲ. ಪ್ರಮಾಣವನ್ನು ತಾನೂ ನೋಡುತ್ತಾನೆ. ಸರ್ವರ್ ಕೂಡ ಹಾಗೆಯೇ ನೋಡಬೇಕು. ಇನ್ನೊಂದು ಎಚ್ಚರ: ಬ್ರೌಸರ್‌ಗೆ ಕಳಿಸಿದ ಕೋಡನ್ನು ಯಾರು ಬೇಕಾದರೂ ಓದಬಹುದು. ಹಂಚಿಕೊಳ್ಳುವ ಕ್ಲಾಸಿನಲ್ಲಿ ನಿಯಮಗಳಿರಲಿ, ಪಾಸ್‌ವರ್ಡ್‌ಗಳು ಬೇಡ.

ಸಂಘ ಸಂಸ್ಥೆಗಳ ವೆಬ್‌ಸೈಟುಗಳಿಗೆ ರಾತ್ರಿ ನಿದ್ದೆಗೆಟ್ಟು ಬಿಟ್ಟಿ ದುಡಿಯುವ ತರುಣ ತರುಣಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಫಾರ್ಮ್ ಕಟ್ಟುವಾಗ ನಿಯಮವನ್ನು ಒಂದೇ ಕಡೆ ಬರೆಯಿರಿ, ಎರಡೂ ಕಡೆ ಬಳಸಿ. ಪರೀಕ್ಷೆಗೆ ನಿಮ್ಮ ಅಜ್ಜ ಅಜ್ಜಿಯರ ಪೂರ್ತಿ ಹೆಸರನ್ನು ಕನ್ನಡದಲ್ಲೇ ತುಂಬಿ, ಕಳಿಸಿ, ಮರಳಿ ಓದಿ ನೋಡಿ. ಒಂದು ದೀರ್ಘವೂ ಕಳೆದಿರಬಾರದು.