ನಲವತ್ತೆಂಟು ಕಡ್ಡಿಗಳ ಕಂದೀಲು

ಮೊದಲ ಅವಧಿಯ ಪರೀಕ್ಷೆ ಮುಗಿದು ದೀಪಾವಳಿ ರಜೆ ಶುರುವಾಗುವ ಮೊದಲು ಮುಂಬಯಿಯ ಶಾಲೆಗಳಿಗೆ ಒಂದಿಷ್ಟು ಹಗುರ ದಿನಗಳು ಸಿಗುತ್ತವೆ. ಪಾಠ ನಿಂತಿರುತ್ತದೆ, ಉತ್ತರಪತ್ರಿಕೆ ಇನ್ನೂ ಕೈಗೆ ಬಂದಿರುವುದಿಲ್ಲ. ಬಾಂದ್ರಾದ ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಬೆಂಚುಗಳು ಗೋಡೆಗೆ ಸರಿದು ನೆಲದ ತುಂಬ ಬಿದಿರ ಕಡ್ಡಿ, ದಾರದುಂಡೆ, ಪತಂಗದ ಕಾಗದ, ಮೈದಾ ಅಂಟಿನ ಬಟ್ಟಲು ಹರಡಿಕೊಳ್ಳುವ ಕಾಲ ಅದು. ಜೂನ್‌ನಿಂದ ಅಲ್ಲಿಯವರೆಗೆ ಕಲಿತದ್ದರಲ್ಲಿ ಎರಡು ಕೈಯಲ್ಲಿ ಹಿಡಿದು ಮನೆಗೊಯ್ಯಬಹುದಾದದ್ದು ಇವುಗಳಿಂದ ಕಟ್ಟುವ ದೀಪಾವಳಿಯ ಕಂದೀಲೊಂದೇ.

ಬಾಂದ್ರಾದ ಮಕ್ಕಳಿಗೆ ಈ ಋತುವಿನಲ್ಲಿ ಬಿಡುವೇ ಇಲ್ಲ. ಗಣೇಶೋತ್ಸವದ ಆಸುಪಾಸಿನಲ್ಲೇ ಮೌಂಟ್ ಮೇರಿ ಜಾತ್ರೆ ಬರುತ್ತದೆ. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನ ಜನ್ಮದಿನ. ಅದರ ನಂತರದ ಭಾನುವಾರದಿಂದ ಒಂದು ವಾರ ಇಗರ್ಜಿಯ ಗುಡ್ಡದ ದಾರಿಯುದ್ದಕ್ಕೂ ಅಂಗಡಿ ಸಾಲು. ಮೇಣದಲ್ಲಿ ಮಾಡಿದ ಕೈ, ಕಾಲು, ಪುಟ್ಟ ಮನೆಗಳನ್ನು ಹರಕೆಗೆಂದು ಮಾರುತ್ತಾರೆ, ಕೊಳ್ಳುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. 1904ರಲ್ಲಿ ಕಟ್ಟಿದ ಈಗಿನ ಇಗರ್ಜಿಗೆ 1954ರಲ್ಲಿ ಬೆಸಿಲಿಕಾ ಎಂಬ ಮನ್ನಣೆ ಸಿಕ್ಕಿತು. ಜಾತ್ರೆ ಮುಗಿಯಿತೆನ್ನುವಾಗ ನವರಾತ್ರಿ, ಅದರ ಆಚೀಚೆಗೆ ಪರೀಕ್ಷೆ, ಆಮೇಲೆ ಕಂದೀಲು.

ಇಲ್ಲಿನ ಹಳೆಯ ಶಾಲೆಗಳಲ್ಲಿ ಹೆಚ್ಚಿನವು ಇಗರ್ಜಿಯ ನೆರಳಿನಲ್ಲಿ ಬೆಳೆದವು. ಸೇಂಟ್ ಆಂಡ್ರ್ಯೂಸ್ 1780ರದ್ದು, ಸೇಂಟ್ ಸ್ಟ್ಯಾನಿಸ್ಲಾಸ್ 1863ರದ್ದು. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಶಾಲೆಗಂತೂ ನಮ್ಮ ಕರಾವಳಿಯ ನಂಟಿದೆ: ಆ ಸಂಸ್ಥೆ ಭಾರತದಲ್ಲಿ ಬೇರೂರಿದ್ದು 1870ರಲ್ಲಿ, ಮಂಗಳೂರಿನಲ್ಲಿ. ಬಾಂದ್ರಾದ ತರಗತಿಯಲ್ಲಿ ಈಸ್ಟ್ ಇಂಡಿಯನ್ (ಮುಂಬಯಿ ಮೂಲದ ಕ್ಯಾಥೊಲಿಕರು), ಗೋವನ್, ಮರಾಠಿ, ಮುಸ್ಲಿಂ ಮನೆಗಳ ಮಕ್ಕಳ ನಡುವೆ ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯವರ ಮಕ್ಕಳೂ ಕೂತು ಕಡ್ಡಿ ಕಟ್ಟುತ್ತಾರೆ. ಡಿಸೆಂಬರ್ ಬಂದರೆ ಅದೇ ಬಿದಿರು, ಅದೇ ಕಾಗದ ಐದು ಮೂಲೆಯ ಕ್ರಿಸ್ಮಸ್ ನಕ್ಷತ್ರವಾಗುತ್ತದೆ. ಕಂದೀಲು ಕಟ್ಟಲು ಕಲಿತ ಕೈಗೆ ನಕ್ಷತ್ರ ಕಷ್ಟವಲ್ಲ.

ಹವೆಯೂ ಒದಗಿ ಬರುತ್ತದೆ. ಮುಂಬಯಿಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಆಮೇಲಿನ ಧಗೆಯಲ್ಲಿ ಮೈ ಬೆವರಿದರೂ ಬಿದಿರು ಒಣಗಿ ಗರಿಗರಿಯಾಗುತ್ತದೆ, ಅಂಟು ಬೇಗ ಹಿಡಿಯುತ್ತದೆ.

ಸಾಂಪ್ರದಾಯಿಕ ಕಂದೀಲಿಗೆ ಬೇಕಾದದ್ದು ಒಂದೇ ಅಳತೆಯ ನಲವತ್ತೆಂಟು ಕಡ್ಡಿ. ಆರಿಂಚಿನವಾದರೆ ಕಂದೀಲಿನ ಅಗಲ ಸುಮಾರು ಹದಿನಾಲ್ಕೂವರೆ ಇಂಚು ಬರುತ್ತದೆ, ಬಾಂದ್ರಾದ ಸಣ್ಣ ಬಾಲ್ಕನಿಗೆ ಅದು ತಕ್ಕ ಗಾತ್ರ. ಸಿಬಿರು ಉಜ್ಜಿ ತೆಗೆಯಬೇಕು, ಗಿಣ್ಣು ಬಂದ ತುಂಡನ್ನು ಬದಿಗಿಡಬೇಕು. ಒಂದು ಕಡ್ಡಿ ಕಾಲಿಂಚು ಉದ್ದವಾದರೂ ಕೊನೆಯಲ್ಲಿ ಇಡೀ ಗೂಡು ಒಂದು ಕಡೆಗೆ ವಾಲುತ್ತದೆ. ಆಗ ಏನು ಮಾಡಿದರೂ ಸರಿಯಾಗದು. ಆದ್ದರಿಂದ ಅಳತೆಗೆ ಕೊಡುವ ಸಮಯ ದಂಡವಲ್ಲ.

ನಾಲ್ಕು ನಾಲ್ಕು ಕಡ್ಡಿ ಸೇರಿಸಿ ಹನ್ನೆರಡು ಚೌಕ ಕಟ್ಟುವುದು ಮೊದಲ ಕೆಲಸ. ಆಮೇಲೆ ನಾಲ್ಕು ಚೌಕಗಳನ್ನು ಮೂಲೆಗೆ ಮೂಲೆ ತಾಗಿಸಿ ನೆಲದ ಮೇಲೆ ಬಳೆಯಂತೆ ಜೋಡಿಸಬೇಕು. ಅಕ್ಕಪಕ್ಕದ ಎರಡು ಚೌಕಗಳ ಹೊರಮೂಲೆಗಳಿಗೆ ಒಂದೊಂದರಂತೆ ಇನ್ನು ನಾಲ್ಕು ಚೌಕ ನೆಟ್ಟಗೆ ನಿಲ್ಲುತ್ತವೆ. ಅವುಗಳ ಮೇಲೆ ಉಳಿದ ನಾಲ್ಕು, ಕೆಳಗಿನಂತೆಯೇ. ಚೌಕ ಚೌಕ ಸೇರುವ ಮೂಲೆಗಳು ಇಪ್ಪತ್ತನಾಲ್ಕು. ಚೌಕ ಕಟ್ಟುವಾಗ ಹಾಕಿದ ನಲವತ್ತೆಂಟನ್ನೂ ಸೇರಿಸಿದರೆ ಒಟ್ಟು ಎಪ್ಪತ್ತೆರಡು ಗಂಟು.

ಇಲ್ಲಿ ನಡೆಯುವ ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಮಕ್ಕಳು ಕಟ್ಟಿದ್ದು ಹನ್ನೆರಡು ಚೌಕ ಮಾತ್ರ. ಕೊನೆಯ ಗಂಟು ಬಿದ್ದಾಗ ಅವುಗಳ ನಡುವೆ ಇನ್ನೂ ಆರು ಚೌಕ, ಎಂಟು ತ್ರಿಕೋನ ತಾವಾಗಿಯೇ ಮೂಡಿರುತ್ತವೆ. ಯಾರೂ ಅವಕ್ಕೆಂದು ಕಡ್ಡಿ ಕತ್ತರಿಸಿಲ್ಲ. ಒಟ್ಟು ಮುಖ ಇಪ್ಪತ್ತಾರು, ಮೂಲೆ ಇಪ್ಪತ್ತನಾಲ್ಕು, ಅಂಚು ನಲವತ್ತೆಂಟು. ಮುಖಕ್ಕೆ ಮೂಲೆ ಕೂಡಿಸಿ ಅಂಚು ಕಳೆದರೆ ಎರಡು ಉಳಿಯುತ್ತದೆ. ಆಯ್ಲರ್ ಸೂತ್ರ ಹೇಳುವುದು ಇದನ್ನೇ. ಗಣಿತದ ಶಿಕ್ಷಕರು ಕಾರ್ಯಾನುಭವದ ತರಗತಿಗೆ ಬಂದು ಕೂರಬೇಕಾದ ಗಳಿಗೆ ಇದು.

ಈ ಆಕಾರ ಆರ್ಕಿಮಿಡೀಸನ ಹೆಸರಿನ ಹದಿಮೂರು ಘನಾಕೃತಿಗಳಲ್ಲೊಂದು. ಇಟಲಿಯ ಗಣಿತಜ್ಞ ಲೂಕಾ ಪಚೋಲಿಯ 1495ರ ಚಿತ್ರವೊಂದು ನೇಪಲ್ಸ್‌ನ ಕಾಪೋದಿಮೊಂತೆ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವನ ಪಕ್ಕಕ್ಕೆ ಇದೇ ಆಕಾರದ ಗಾಜಿನ ಗೂಡು, ಅರ್ಧ ನೀರು ತುಂಬಿಕೊಂಡು, ದಾರದಲ್ಲಿ ತೂಗುತ್ತಿದೆ. ಪಚೋಲಿಯ ಪುಸ್ತಕಕ್ಕೆ ಲಿಯೊನಾರ್ಡೊ ಡ ವಿಂಚಿ ಈ ಆಕೃತಿಯನ್ನು ಬರೆದುಕೊಟ್ಟ. ಪುಸ್ತಕ 1509ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಪಚೋಲಿಯ ಆ ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದರೆ ಮಕ್ಕಳು ತಮ್ಮ ಕಂದೀಲನ್ನು ತಟ್ಟನೆ ಗುರುತಿಸುತ್ತಾರೆ.

ಕಟ್ಟಿದ ಗೂಡು ಮೊದಲಿಗೆ ಅಲುಗಾಡುತ್ತದೆ. ಚೌಕದ ಸ್ವಭಾವವೇ ಹಾಗೆ, ಒತ್ತಿದರೆ ಓರೆಯಾಗುತ್ತದೆ. ಅದನ್ನು ಬಿಗಿಯಾಗಿಸುವುದು ಕಾಗದ. ಅಂಚಿಗೆ ತೆಳ್ಳಗೆ ಅಂಟು ಸವರಿ, ಪತಂಗದ ಕಾಗದವನ್ನು ಎಳೆಯದೆ ಹಾಗೇ ಕೂರಿಸಿ, ಒಣಗಿದ ಮೇಲೆ ಬೆರಳಿನಿಂದ ಸ್ವಲ್ಪ ನೀರು ಚಿಮುಕಿಸಬೇಕು. ಆಗ ಕಾಗದ ಜೋತು ಬಿದ್ದು ಕೆಟ್ಟುಹೋದಂತೆ ಕಾಣುತ್ತದೆ, ಮಕ್ಕಳ ಮುಖ ಬಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೇ ಕಾಗದ ಒಣಗುತ್ತ ಬಿಗಿದು, ತಟ್ಟಿದರೆ ಟಪ್ ಎನ್ನುತ್ತದೆ. ಚೌಕಕ್ಕೊಂದು ಬಣ್ಣ, ತ್ರಿಕೋನಕ್ಕೊಂದು ಬಣ್ಣ ಸಾಕು. ಸಿಕ್ಕ ಬಣ್ಣವನ್ನೆಲ್ಲ ಮೆತ್ತಿದ ಕಂದೀಲಿಗೆ ರಾತ್ರಿಯಲ್ಲಿ ಆಕಾರ ಕಾಣುವುದಿಲ್ಲ. ಕೆಳಗಿನ ಚೌಕ ತೆರೆದಿರಲಿ, ಅದರ ಅಂಚಿಗೆ ಬಾಲಂಗೋಚಿ ಕಟ್ಟಿದರೆ ಮುಗಿಯಿತು.

ಇದನ್ನು ಮನೆಗೆ ಒಯ್ದರೆ ಕರಾವಳಿಯ ಅಜ್ಜಿಯರು ಗೂಡುದೀಪ ಬಂತೆಂದು ಸಂಭ್ರಮಿಸುತ್ತಾರೆ. ಊರಿನಲ್ಲಿ ಅಂಗಳದ ಎತ್ತರದ ಕಂಬಕ್ಕೆ ಹಗ್ಗದಲ್ಲಿ ಏರಿಸಿ ಕಾರ್ತಿಕ ಮಾಸವಿಡೀ ಉರಿಸುತ್ತಿದ್ದದ್ದು ಇದನ್ನೇ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ದೀಪಾವಳಿಗೆ ಗೂಡುದೀಪ ಸ್ಪರ್ಧೆ ನಡೆಯುತ್ತದೆ. ಸಾಂಪ್ರದಾಯಿಕ ಗೂಡುದೀಪಕ್ಕೆ ಅಲ್ಲಿ ಬೇರೆಯೇ ವಿಭಾಗ. ಬಾಂದ್ರಾದ ಶಾಲೆಗಳಿಗೂ ಅಂಥದೊಂದು ಸ್ಪರ್ಧೆ ಒಪ್ಪುತ್ತದೆ. ಪೋಷಕರನ್ನು ಸಂಜೆ ಕರೆದು, ಮಕ್ಕಳ ಕಂದೀಲುಗಳನ್ನು ಆಟದ ಅಂಗಳದಲ್ಲಿ ಸಾಲಾಗಿ ಕಟ್ಟಿ, ದೀಪ ಹಾಕಿ ತೋರಿಸಿದರೆ ವಾರ್ಷಿಕೋತ್ಸವಕ್ಕಿಂತ ಕಡಿಮೆಯೇನಲ್ಲ.

ಬಾಂದ್ರಾದಿಂದ ಖಾರಿ ದಾಟಿದರೆ ಮಾಹಿಮಿನ ಕಂದೀಲ ಗಲ್ಲಿ. ಅಲ್ಲಿ ಕೈಯಲ್ಲಿ ಕಟ್ಟಿ ಮಾರುವವರು ಇನ್ನೂ ಇದ್ದಾರೆ, ಪಕ್ಕದಲ್ಲೇ ಮಡಚಿ ಬಿಚ್ಚುವ ಪ್ಲಾಸ್ಟಿಕ್ಕಿನವೂ ರಾಶಿ ಬಿದ್ದಿರುತ್ತವೆ. ಪ್ಲಾಸ್ಟಿಕ್ಕಿನದು ಮಳೆಗೆ ಹರಿಯುವುದಿಲ್ಲ, ನಿಜ. ಆದರೆ ಅದರಲ್ಲಿ ಮಗು ಮಾಡುವ ಕೆಲಸವೇ ಇಲ್ಲ. ಈ ಅಕ್ಟೋಬರ್‌ನಲ್ಲಿ ಮನೆಯ ಮಕ್ಕಳಿಗೆ ಸಿದ್ಧ ಕಂದೀಲು ಕೊಡಿಸುವ ಮೊದಲು ಒಂದು ಕಟ್ಟು ಬಿದಿರ ಕಡ್ಡಿ, ಎರಡು ಬಣ್ಣದ ಕಾಗದ ತಂದುಕೊಡಿ. ಪರೀಕ್ಷೆ ಮುಗಿದ ಮೇಲೆ ಎರಡು ಮಧ್ಯಾಹ್ನ ಬಿಟ್ಟುಕೊಡಿ. ಒಳಗೆ ಹೆಚ್ಚು ಬಿಸಿಯಾಗದ ಸಣ್ಣ ಎಲ್‌ಇಡಿ ಬಲ್ಬ್ ಹಾಕಿ, ಕಾಗದಕ್ಕೆ ತಾಗದಂತೆ ನಡುವೆ ತೂಗಲಿ.